ಹಳೇ ಕಾಂಡೊ ಕೊಳ್ಳೋ ಮುಂಚೆ ಈ ಕಾಗದಗಳನ್ನ ಕೇಳಿ

ಫ್ಲೋರಿಡಾದಲ್ಲಿ ಸಮುದ್ರದ ಪಕ್ಕ ಹಳೇ ಕಾಂಡೊ (ಸ್ವಂತಕ್ಕೆ ಕೊಳ್ಳೋ ಅಪಾರ್ಟ್‌ಮೆಂಟ್ ಫ್ಲ್ಯಾಟ್) ಅಗ್ಗಕ್ಕೆ ಸಿಗುತ್ತೆ ಅಂತ ಹುಡುಕ್ತಿರೋರು ಈಜುಕೊಳ, ಜಿಮ್ ನೋಡಿ ಮರುಳಾಗಬೇಡಿ. ನೀವು ಒಂದು ದಿನ ನೀರಿಗಿಳಿಯದಿದ್ದರೂ ಅದರ ಖರ್ಚಲ್ಲಿ ನಿಮ್ಮ ಪಾಲಿದೆ.

2021ರಲ್ಲಿ ಅಲ್ಲಿನ ಸರ್ಫ್‌ಸೈಡ್ ಊರಲ್ಲಿ 12 ಅಂತಸ್ತಿನ ಕಾಂಡೊ ಕಟ್ಟಡ ಕುಸಿದು 98 ಜನ ಸತ್ತ ಮೇಲೆ ಕಾನೂನು ಬಿಗಿಯಾಯ್ತು. ಮೂರು ಅಂತಸ್ತು ಅಥವಾ ಹೆಚ್ಚಿರೋ ಕಾಂಡೊ ಕಟ್ಟಡಕ್ಕೆ 30 ವರ್ಷ ತುಂಬಿದರೆ ತಪಾಸಣೆ ಕಡ್ಡಾಯ. ಆ ತಪಾಸಣೆ ವರದಿ, ರಿಸರ್ವ್ ಸ್ಟಡಿ (ಮುಂದಿನ ದೊಡ್ಡ ರಿಪೇರಿಗಳಿಗೆ ಎಷ್ಟು ದುಡ್ಡು ಕೂಡಿಡಬೇಕು ಅನ್ನೋ ಲೆಕ್ಕ), ಮಾಲೀಕರ ಅಸೋಸಿಯೇಷನ್ ಮೀಟಿಂಗಿನ ಮಿನಿಟ್ಸ್ (ನಡಾವಳಿ) ಮೂರನ್ನೂ ತರಿಸಿ ಓದಿ. ಮಿನಿಟ್ಸಲ್ಲೇ ಒಳಗುಟ್ಟೆಲ್ಲ ಇರೋದು: ಛಾವಣಿ ಸೋರಿಕೆ, ಲಿಫ್ಟ್ ಜಗಳ, ಬಾಕಿ ಉಳಿಸಿಕೊಂಡವರ ಲೆಕ್ಕ.

ಸ್ಪೆಷಲ್ ಅಸೆಸ್‌ಮೆಂಟ್ (ದೊಡ್ಡ ಖರ್ಚಿಗೆ ಅಸೋಸಿಯೇಷನ್ ಮಾಲೀಕರಿಂದ ಹೆಚ್ಚುವರಿಯಾಗಿ ಕೇಳೋ ದುಡ್ಡು) ಬಂದರೆ ನೀವು ಕಟ್ಟಬೇಕೋ ಮಾರೋರು ಕಟ್ಟಬೇಕೋ ಅನ್ನೋದನ್ನ ಕರಾರಲ್ಲೇ ಬರೆಸಿ. ಅಸೋಸಿಯೇಷನ್‌ಗೆ ಕಟ್ಟೋ ತಿಂಗಳ ಫೀಸ್ ತೀರಾ ಕಮ್ಮಿ ಇದ್ದರೆ ನನಗಂತೂ ಅನುಮಾನ; ರಿಪೇರಿ ಮುಂದಕ್ಕೆ ತಳ್ಳಿರ್ತಾರೆ.