ಕೋಡಿಬಾಗದ ಸೆಕೆ, ಇಳಿಯುವ ಶ್ರುತಿ

ನಾನೇ ಕಟ್ಟುತ್ತಿದ್ದ ಸಿಂಥಸೈಜರ್‌ಗೆ (ವಿದ್ಯುತ್ತಿನಿಂದ ಸ್ವರ ಹೊರಡಿಸುವ ವಾದ್ಯ) ರಾತ್ರಿ ಹನ್ನೊಂದಕ್ಕೆ ಶ್ರುತಿ ಮಾಡಿ ಮಲಗಿದ್ದೆ. ಮರುದಿನ ಮಧ್ಯಾಹ್ನ ಹಚ್ಚಿ ನೋಡಿದರೆ ಕೆಳಗಿನ ಸ ಸರಿ ಇದೆ, ಮೂರು ಸ್ಥಾಯಿ ಮೇಲಿನ ಸ ಇಳಿದುಬಿಟ್ಟಿದೆ. ಕಾರವಾರದ ಕೋಡಿಬಾಗದಲ್ಲಿ ಏಪ್ರಿಲ್ ಸೆಕೆ ಹೇಗಿರುತ್ತೆ ಗೊತ್ತಲ್ವಾ?

ನನ್ನದು ಮಾಡ್ಯುಲರ್, ಅಂದರೆ ಬಿಡಿಭಾಗಗಳನ್ನು ಜೋಡಿಸುವ ಸಿಂಥಸೈಜರ್. ಸ್ವರ ಹುಟ್ಟಿಸಲು ಆಸಿಲೇಟರ್, ಅದರ ಮೊನಚು ತೆಗೆಯಲು ಫಿಲ್ಟರ್, ದನಿ ಏರಿಳಿಸಲು ಆಂಪ್ಲಿಫೈಯರ್, ಹೀಗೆ ಎಲ್ಲ ಬೇರೆ ಬೇರೆ. ಯಾವುದರಿಂದ ಯಾವುದಕ್ಕೆ ವೈರು ಚುಚ್ಚಬೇಕು ಅನ್ನೋದು ನಮ್ಮಿಷ್ಟ. 1960ರ ದಶಕದಲ್ಲಿ ಅಮೆರಿಕದ ಬಾಬ್ ಮೂಗ್ ಮತ್ತು ಡಾನ್ ಬುಕ್ಲಾ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಇದನ್ನು ಮಾಡಿದರು. ಮೂಗ್ ಯಂತ್ರವೊಂದು 1969ರಲ್ಲೇ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬಂದಿತ್ತು! ನನ್ನದು ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದಲ್ಲಿ ಶುರು ಮಾಡಿದ ಯೂರೋರ‍್ಯಾಕ್ ಅಳತೆಯದು, ಅಂದರೆ ಬಿಡಿಭಾಗಗಳನ್ನು ಕೂರಿಸುವ ಚೌಕಟ್ಟಿನ ಗಾತ್ರ.

ಲೆಕ್ಕ ಸರಳ. ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಏರಬೇಕು. ಅಂದರೆ ಸ್ಥಾಯಿಯ ಹನ್ನೆರಡು ಸ್ವರಗಳಲ್ಲಿ ಒಂದರಿಂದ ಮುಂದಿನದಕ್ಕೆ ಸುಮಾರು 83 ಮಿಲಿವೋಲ್ಟ್. ಈ ಕೆಲಸ ಮಾಡುವ ಟ್ರಾನ್ಸಿಸ್ಟರ್ ಜೋಡಿಗೆ ಬಿಸಿ ಆಗಿಬರಲ್ಲ. ಒಂದು ಡಿಗ್ರಿ ಏರಿದರೆ, ವೋಲ್ಟಿಗೆ ಸ್ವರ ಏರುವ ಅಳತೆ ಶೇ 0.33ರಷ್ಟು ಕುಗ್ಗುತ್ತದೆ. ಐದು ಡಿಗ್ರಿಗೆ, ಮೂರು ಸ್ಥಾಯಿ ಮೇಲೆ, ಅರ್ಧ ಸ್ವರಕ್ಕೂ ಜಾಸ್ತಿ ಹೋಯಿತು.

ಮದ್ದಳೆ ಬಾರಿಸುವ ಮಾವ ಕೇಳಿ ನಕ್ಕ. "ಎಂತ ಮಾರಾಯಾ, ನನ್ನದು ಮಳೆಗೆ ಇಳೀತದೆ, ನಿನ್ನದು ಬಿಸಿಲಿಗೆ!"

ಮದ್ದು ಒಂದು ಸಣ್ಣ ರೆಸಿಸ್ಟರ್. ಬಿಸಿಯಾದಂತೆ ಅದರ ತಡೆ ಅಷ್ಟೇ ಪ್ರಮಾಣದಲ್ಲಿ ಏರಿ, ಕುಗ್ಗಿದ್ದನ್ನು ತುಂಬುತ್ತದೆ. ನಾನು ಮೊದಲು ಅದನ್ನು ಬೋರ್ಡಿನ ಇನ್ನೊಂದು ಮೂಲೆಗೆ ಹಾಕಿದ್ದೆ, ಪೆದ್ದ. ಎರಡಕ್ಕೂ ಒಂದೇ ಬಿಸಿ ತಾಗಬೇಕು. ಆಮೇಲೆ ಕಿತ್ತು, ಟ್ರಾನ್ಸಿಸ್ಟರ್ ಬೆನ್ನಿಗೇ ಒತ್ತಿ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿ, ಮೇಲೆ ಒಂದು ಚೂರು ಥರ್ಮೋಕೋಲ್ ಮುಚ್ಚಿದೆ. ಈಗ ಹಚ್ಚಿ ಅರ್ಧ ಗಂಟೆ ಸುಮ್ನೆ ಬಿಟ್ಟು, ಆಮೇಲೆ ಶ್ರುತಿ ಮಾಡುತ್ತೇನೆ. ಮಧ್ಯಾಹ್ನಕ್ಕೂ ನಿಲ್ಲುತ್ತದೆ.

ಅದಕ್ಕೂ ಮೊದಲು ಒಂದು ಚಿಪ್ ಸುಟ್ಟಿದ್ದೂ ಹೇಳಿಬಿಡುತ್ತೇನೆ. ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಿನಲ್ಲಿ ಬೋರ್ಡಿಗೆ ವಿದ್ಯುತ್ ಕೊಡುವ ಪಟ್ಟಿ ಕೇಬಲ್ ಉಲ್ಟಾ ಚುಚ್ಚಿದೆ. ಅದರ ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆ ಇರಬೇಕು. ಕರೆಂಟ್ ಬಂದ ಕೂಡಲೇ ಸುಟ್ಟ ವಾಸನೆ. ಈಗ ಉಲ್ಟಾ ಚುಚ್ಚಿದರೂ ಚಿಪ್ ಸುಡದಂತೆ ಎಲ್ಲ ಬೋರ್ಡಿಗೂ ಎರಡು ಡಯೋಡ್ ಹಾಕುತ್ತೇನೆ.

ಉಪ್ಪುಗಾಳಿಗೆ ಮಾತ್ರ ಪೂರ್ತಿ ಮದ್ದು ಸಿಕ್ಕಿಲ್ಲ. ವೈರು ಚುಚ್ಚುವ ಜ್ಯಾಕುಗಳು ಕರಕರ ಅನ್ನುತ್ತವೆ. ತಿಂಗಳಿಗೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಮಳೆಗಾಲವಿಡೀ ಸಣ್ಣ ಬಲ್ಬ್ ಹಚ್ಚಿಟ್ಟ ಕಪಾಟಿನಲ್ಲಿಡುತ್ತೇನೆ.