ನಾಚಿಕೆಯನ್ನು ಮೂರು ಸಾಲಿನಲ್ಲಿ ಬರೆಯುವ ಬಗೆ

ತನ್ನನ್ನು ತಾನೇ ಹಳಿದುಕೊಳ್ಳುವ ಮನಸ್ಸು ಪುಟಗಟ್ಟಲೆ ಬರೆಯಲು ಕುಳಿತರೆ ಬೇಗ ಸಮರ್ಥನೆಗೆ ಇಳಿಯುತ್ತದೆ. ಜಪಾನಿನ ಕಿರುಗವಿತೆಯಾದ ಹೈಕುವಿನ ಮೂರು ಸಾಲಿನಲ್ಲಾಗಲಿ, ಚುಟುಕದ ನಾಲ್ಕು ಸಾಲಿನಲ್ಲಾಗಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಮೊದಲು ಒಂದೇ ಒಂದು ಘಟನೆಯನ್ನು ಆರಿಸಿಕೊಳ್ಳಿ. ಮಂಡ್ಯದ ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗಿಯೊಬ್ಬಳು, ಕಬ್ಬಿನ ಗದ್ದೆಯಿಂದ ನೇರವಾಗಿ ತನ್ನನ್ನು ನೋಡಲು ಬಂದ ಅಪ್ಪನನ್ನು ಗೆಳತಿಯರಿಗೆ ‘ನಮ್ಮೂರಿನವರು’ ಎಂದಷ್ಟೇ ಪರಿಚಯಿಸಿದಳೆನ್ನಿ. ‘ನಾನು ಕೆಟ್ಟವಳು’ ಎಂಬುದು ತೀರ್ಪು. ಅದನ್ನು ಬದಿಗಿಟ್ಟು, ಕಂಡದ್ದನ್ನೂ ಆಡಿದ್ದನ್ನೂ ಮಾತ್ರ ಬರೆಯಬೇಕು:

ಹಾಸ್ಟೆಲ್ಲಿನ ಗೇಟು,
ಅಪ್ಪನ ಹಿಮ್ಮಡಿಗೆ ಒಣಗಿದ ಕೆಸರು,
ನನ್ನ ಬಾಯಲ್ಲಿ ‘ನಮ್ಮೂರಿನವರು’.

ಜಪಾನಿನ ಹೈಕುವಿನ ಮೂರು ಸಾಲಿಗೆ ಕ್ರಮವಾಗಿ 5-7-5 ಉಚ್ಚಾರ ಘಟಕಗಳೆಂಬ ಲೆಕ್ಕವನ್ನು ಕನ್ನಡದ ಅಕ್ಷರಗಳಿಗೆ ಹಟದಿಂದ ಹೊಂದಿಸಬೇಕಿಲ್ಲ. ‘ಪಾಪ’, ‘ಛೆ’, ‘ಅಯ್ಯೋ’ಗಳನ್ನು ಹೊಡೆದುಹಾಕುವುದೇ ಇಲ್ಲಿನ ನಿಜವಾದ ಶಿಸ್ತು ಎಂದು ನನ್ನ ನಂಬಿಕೆ. ಮರುದಿನ ಕುಕ್ಕರಹಳ್ಳಿ ಕೆರೆಯ ಏರಿಯಂಥ ಬಯಲಿನಲ್ಲಿ ಅದನ್ನು ಬಾಯಿಬಿಟ್ಟು ಓದಿಕೊಳ್ಳಿ. ಅನಂತರ ಅದೇ ಗಳಿಗೆಯನ್ನು ಅಪ್ಪನ ಕಡೆಯಿಂದ ಮತ್ತೆ ಮೂರು ಸಾಲಿನಲ್ಲಿ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ತೀರ್ಪು ಕೊಟ್ಟವರು ಯಾರೆಂಬುದು ತಿಳಿಯಾಗತೊಡಗುತ್ತದೆ. ಬರೆಯುತ್ತ ಸಂಕಟ ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ, ಆಪ್ತರೊಡನೆ ಮಾತನಾಡಿ. ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೂ ಸಿಗುತ್ತದೆ.