ಗೇಟಿನ ಮಗ್ಗುಲಲ್ಲೇ ವಸ್ತಿ: ಎಂಟು ದಿನ, ಘಟ್ಟದ ನಾಲ್ಕು ಕಾಡು

ಬಾಗಲಕೋಟೆಯಿಂದ ಸ್ವಂತ ಗಾಡಿಯಲ್ಲಿ ಹೊರಟು, ಅಣಶಿ, ಕುದುರೆಮುಖ, ಬಂಡೀಪುರ, ಮುದುಮಲೈ ಈ ನಾಲ್ಕೂ ರಾಷ್ಟ್ರೀಯ ಉದ್ಯಾನಗಳ ರಸ್ತೆಗಳನ್ನು ಬೆಳಗಿನ ಬೆಳಕಿನಲ್ಲೇ ಹಾದು, ಊಟಿ ನೋಡಿ ಎಂಟನೆಯ ದಿನ ಮನೆ ಸೇರುವುದು ಆಗದ ಮಾತೆಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನವನಗರದಲ್ಲಿ ಕ್ರೂಸರ್ ಓಡಿಸುವ ಗೆಳೆಯರು ಹತ್ತು ದಿನವಾದರೂ ಬೇಕೆಂದರು. ನಮ್ಮ ಸೋದರಮಾವ ನನ್ನ ನೋಟ್‌ಬುಕ್ಕನ್ನು ತಿರುವಿ ಹಾಕಿ, "ದಿನಕ್ಕ ಎಪ್ಪತ್ತೈದು ಕಿಲೋಮೀಟರ್ ಹೋಗಾಕ ಗಾಡಿ ಯಾಕ್ ಬೇಕೋ ತಮ್ಮಾ, ಚಕ್ಕಡಿ ಹೂಡು" ಎಂದರು. 2024ರ ನವೆಂಬರಿನಲ್ಲಿ, ದೀಪಾವಳಿಯ ಗದ್ದಲ ಇಳಿದ ಮರುವಾರ, ಅದೇ ನೋಟ್‌ಬುಕ್ಕಿನ ಪ್ರಕಾರ ನಾವು ಆರು ಜನ ಹೋಗಿ ಬಂದೆವು. ಒಂದು ದಿನವೂ ಲೆಕ್ಕ ತಪ್ಪಲಿಲ್ಲ.

ಲೆಕ್ಕ ಕೂಡಿದ್ದು ಮೂರು ಸಲ ದುಡ್ಡು ಕಳೆದುಕೊಂಡ ಮೇಲೆ. 2019ರಲ್ಲಿ ಬೆಳಗಿನ ಐದಕ್ಕೆ ಊರು ಬಿಟ್ಟು ಅದೇ ರಾತ್ರಿ ಊಟಿ ಮುಟ್ಟುವ ಯೋಜನೆ ಹಾಕಿದ್ದೆ. ಎರೆಭೂಮಿಯ ನೇರ ರಸ್ತೆಯಲ್ಲಿ ಗಾಡಿ ಓಡಿಸಿದ ನಮಗೆ ತಾಸಿಗೆ ಅರವತ್ತು ಕಿಲೋಮೀಟರ್ ಎಂಬ ಗುಣಾಕಾರ ರಕ್ತದಲ್ಲೇ ಇರುತ್ತದೆ. ಅದನ್ನೇ ನಂಬಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ ಒಂಬತ್ತು ದಾಟಿ ಹತ್ತು ನಿಮಿಷವಾಗಿತ್ತು. ಆ ರಸ್ತೆಯಲ್ಲಿ 2009ರಿಂದಲೇ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವಿಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಊಟಿಯ ಕೋಣೆಯ ಬಾಡಿಗೆ ಮೂರು ಸಾವಿರದ ಚಿಲ್ಲರೆ ಹೋಯಿತು, ಗುಂಡ್ಲುಪೇಟೆಯ ಲಾಡ್ಜಿಗೆ ಮತ್ತೆ ಎರಡೂವರೆ ಸಾವಿರ ಕೊಟ್ಟೆ.

2022ರಲ್ಲಿ ಕುದುರೆಮುಖದಲ್ಲಿ ಇನ್ನೊಂದು ಪಾಠವಾಯಿತು. ಕಾರ್ಕಳದ ಮೇಲಿನ ಮಾಳ ಗೇಟಿನಲ್ಲಿ ಒಳಹೋಗುವ ಸಮಯವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಆಚೆಯ ಗೇಟಿನಲ್ಲಿ ಅದನ್ನು ನೋಡುತ್ತಾರೆ. ಹಿಂದಿನ ರಾತ್ರಿ ಉಡುಪಿಯಲ್ಲಿ ವಸ್ತಿ ಮಾಡಿ, ಹೊಟ್ಟೆ ತುಂಬ ನಾಷ್ಟಾ ತಿನ್ನಿಸಿ ತಿರುವು ಹತ್ತಿಸಿದ್ದರಿಂದ ಅವ್ವನಿಗೆ ಮೂರು ಕಡೆ ವಾಂತಿಯಾಯಿತು, ಮಧ್ಯಾಹ್ನದ ಮಂಜು ಮುಸುಕಿ ಹುಲ್ಲುಗಾವಲಿನ ಒಂದು ಗುಡ್ಡವೂ ಕಾಣಲಿಲ್ಲ, ಆಚೆಯ ಗೇಟಿನಲ್ಲಿ ತಡವಾದದ್ದಕ್ಕೆ ನಿಂತು ಕಾರಣ ಹೇಳಬೇಕಾಯಿತು. ಮೂರನೆಯದು 2024ರ ಮಳೆಗಾಲದ್ದು. ಜುಲೈ ಕೊನೆಗೆ ಕೋಣೆಗಳನ್ನು ಹಿಡಿದಿದ್ದೆ. ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಬಂದಾಯಿತು. ಮುಂಗಡ ಕೊಟ್ಟ ಆರು ಸಾವಿರ ಮರಳಿ ಬರಲಿಲ್ಲ, ನಾನು ಬಹಳ ಕೇಳಲೂ ಇಲ್ಲ. ಮಳೆಗಾಲದಲ್ಲಿ ಮನೆಮಂದಿಯನ್ನು ಕಟ್ಟಿಕೊಂಡು ಘಟ್ಟಕ್ಕೆ ಹೋಗುವ ಆಲೋಚನೆಯನ್ನು ಅಂದೇ ಬಿಟ್ಟೆ.

ಆಮೇಲೆ ಕಿಲೋಮೀಟರಿನ ಕಾಲಮನ್ನೇ ನೋಟ್‌ಬುಕ್ಕಿನಿಂದ ತೆಗೆದುಹಾಕಿ, ಮೊದಲು ಗೇಟುಗಳು ತೆರೆಯುವ ಮತ್ತು ಮುಚ್ಚುವ ಹೊತ್ತನ್ನು ಬರೆದು, ಆ ಗೇಟಿನಿಂದ ಅರ್ಧ ತಾಸಿನೊಳಗೆ ಹಿಂದಿನ ರಾತ್ರಿಯ ವಸ್ತಿ ಬರುವಂತೆ ದಿನಗಳನ್ನು ಹಿಂದುಮುಂದಾಗಿ ಜೋಡಿಸಿದೆ. ಕಾಡಿನ ದಿನ ಒಂದೇ ಕಾಡು. ಬಂಡೀಪುರ ಮತ್ತು ಮುದುಮಲೈ ಮೋಯಾರ್ ನದಿಯ ಆಚೆ ಈಚೆ ಒಂದಕ್ಕೊಂದು ತಾಗಿ ಇರುವುದರಿಂದ ಅವೆರಡನ್ನು ಒಂದೇ ಎಂದು ಹಿಡಿದೆ. ದೂರದ ಓಟವನ್ನೆಲ್ಲ ಕಾಡಿಲ್ಲದ ದಿನಗಳ ಮೇಲೆ ಹೊರಿಸಿದೆ. ಮಾವ ಆಡಿಕೊಂಡ ಎಪ್ಪತ್ತೈದು ಕಿಲೋಮೀಟರಿನ ದಿನ ಬಂದದ್ದು ಹೀಗೆ. ಅದರ ಮರುದಿನ ಮುನ್ನೂರ ಇಪ್ಪತ್ತು ಇತ್ತು, ಅದನ್ನು ಅವರು ಓದಿರಲಿಲ್ಲ.

ಮೊದಲ ದಿನ ಕುಳಗೇರಿ ಕ್ರಾಸ್, ನರಗುಂದ, ಹುಬ್ಬಳ್ಳಿ ಮೇಲೆ ದಾಂಡೇಲಿ. ಎರಡನೆಯ ದಿನ ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ, ಕಾರವಾರ ಹಾದು ಹೊನ್ನಾವರ. ಮೂರನೆಯ ದಿನ ಕಾರ್ಕಳದಲ್ಲಿ ಗೊಮ್ಮಟನನ್ನು ನೋಡಿ ಬೇಗ ಮಲಗಿದೆವು. ನಾಲ್ಕನೆಯ ದಿನವೇ ನನ್ನ ನಿಜವಾದ ಪರೀಕ್ಷೆಯಾಗಿತ್ತು. ಬರೀ ಒಂದೊಂದು ಬಾಳೆಹಣ್ಣು ತಿಂದು, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮಾಳ ಗೇಟಿಗೆ ದಿನದ ಮೊದಲ ಗಾಡಿಗಳ ಸಾಲಿನಲ್ಲಿ ಹೋಗಿ ನಿಂತೆವು. ಮಳೆ ಮುಗಿದು ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ಗುಡ್ಡದ ನೆತ್ತಿಯ ಹುಲ್ಲು ಇನ್ನೂ ಹಸಿರಾಗಿತ್ತು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು ಕಪ್ಪಗೆ ಕೂತಿತ್ತು, ಮಂಜು ಕೆಳಗಿತ್ತು, ನಾವು ಮೇಲಿದ್ದೆವು. 2005ರ ಕೊನೆಗೆ ಗಣಿ ನಿಂತ ಕುದುರೆಮುಖದ ಊರನ್ನು ದಾಟಿ ಕಳಸ ಮುಟ್ಟಿದಾಗ ಇನ್ನೂ ಹತ್ತು ಗಂಟೆಯಾಗಿರಲಿಲ್ಲ. ವಾಂತಿ ಒಬ್ಬರಿಗೂ ಆಗಲಿಲ್ಲ. ಮಧ್ಯಾಹ್ನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದವಾಯಿತು. ಅವ್ವ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮೆಚ್ಚಿದ್ದು ಆ ದಿನವನ್ನೇ.

ಐದನೆಯ ದಿನ ಚಿಕ್ಕಮಗಳೂರು, ಮೈಸೂರು ಮೇಲೆ ಗುಂಡ್ಲುಪೇಟೆ. 2019ರಲ್ಲಿ ಸೋತು ಮಲಗಿದ ಊರಿನಲ್ಲೇ ಈ ಸಲ ಬೇಕೆಂದೇ ವಸ್ತಿ ಮಾಡಿದೆವು. ನೀಲಗಿರಿ ಜಿಲ್ಲೆಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಗಿರುವುದರಿಂದ ಅದನ್ನು ಊರಲ್ಲೇ ತೆಗೆದು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡಿದ್ದೆ, ಏಕೆಂದರೆ ಕಾಡಿನಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಆರನೆಯ ದಿನ ಬೆಳಗಿನ ಆರೂಕಾಲಿಗೆ ಬಂಡೀಪುರದ ಗೇಟು ದಾಟಿದೆವು. ತಮ್ಮನ ಮಗಳಿಗೆ ನೋಟ್‌ಬುಕ್ಕು ಕೊಟ್ಟು, ಕಂಡ ಪ್ರಾಣಿಗಳನ್ನೆಲ್ಲ ಬರೆಯಲು ಹೇಳಿದ್ದೆ. ಹೋಗುವಾಗ ಆನೆಯ ಎರಡು ಹಿಂಡು, ನಾಲ್ಕು ಕಾಟಿ, ನವಿಲು, ಎಣಿಸಿ ಬೇಸತ್ತು ಬಿಟ್ಟಷ್ಟು ಜಿಂಕೆ ಕಂಡವು. ಮರುದಿನ ಮಧ್ಯಾಹ್ನ ಎರಡರ ಸುಮಾರಿಗೆ ಅದೇ ರಸ್ತೆಯಲ್ಲಿ ಬರುವಾಗ ಜಿಂಕೆ, ಮುಸಿಯ ಇಷ್ಟೇ. ಒಂದೇ ಸಲದ ಲೆಕ್ಕವಾದರೂ ನನಗೆ ಅಷ್ಟು ಸಾಕು.

ತೆಪ್ಪಕಾಡಿನಿಂದ ಮಸಿನಗುಡಿ, ಅಲ್ಲಿಂದ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳ ಏರು ಹತ್ತಿ ಊಟಿ. ಬಯಲಿನಲ್ಲಿ ಲೀಟರಿಗೆ ಹದಿನೇಳು, ಹದಿನೆಂಟು ಕೊಡುವ ಗಾಡಿ ಅಲ್ಲಿ ಒಂಬತ್ತಕ್ಕೆ ಇಳಿಯಿತು. ಹೊರಜಿಲ್ಲೆಯ ಗಾಡಿಗಳಿಗೆ ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ, ಇಳಿಯಲು ಗೂಡಲೂರಿನ ದಾರಿಯೇ ಗತಿ; ಇದನ್ನು ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಏಳನೆಯ ದಿನಕ್ಕೆ ಒಂದು ತಾಸು ಹೆಚ್ಚಿಗೆ ಇಟ್ಟಿದ್ದೆ.

ಬುತ್ತಿಯ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ಕಟಕ ರೊಟ್ಟಿ ನಮ್ಮ ಹವೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಆದರೆ ಬಟ್ಟೆಯಲ್ಲಿ ಕಟ್ಟಿದ ಅರ್ಧ ಪಾಲು ಕಾರವಾರದ ಸಮುದ್ರದ ಗಾಳಿಗೆ ಒಂದೇ ದಿನದಲ್ಲಿ ಚರ್ಮದಂತಾಯಿತು. ಸ್ಟೀಲ್ ಡಬ್ಬಿಯಲ್ಲಿ ಬಿಗಿದ ಪಾಲು ಊಟಿಯವರೆಗೂ ಮುರಿದರೆ ಕಟ್ಟೆಂದು ಸಪ್ಪಳ ಮಾಡುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸೇರಿ ದಿನದ ಒಂದು ಊಟದ ಖರ್ಚು ಉಳಿಯಿತು.

ಕೊನೆಯ ದಿನ ಮೈಸೂರು ಬಿಟ್ಟು ಚಿತ್ರದುರ್ಗ, ಹೊಸಪೇಟೆ, ಇಳಕಲ್ ಮೇಲೆ ಐನೂರು ಚಿಲ್ಲರೆ ಕಿಲೋಮೀಟರ್ ಓಡಿ ರಾತ್ರಿ ಊಟಕ್ಕೆ ಮನೆಯಲ್ಲಿದ್ದೆವು. ಒಟ್ಟು ಓಟ 1,700ರ ಹತ್ತಿರ. ಪೆಟ್ರೋಲಿಗೆ ಹನ್ನೆರಡು ಸಾವಿರ, ಏಳು ರಾತ್ರಿಯ ಎರಡೆರಡು ಕೋಣೆಗೆ ಹದಿನೆಂಟೂವರೆ, ಊಟಕ್ಕೆ ಒಂಬತ್ತು, ಟೋಲು, ಪ್ರವೇಶ ಶುಲ್ಕ, ಪಾರ್ಕಿಂಗ್ ಎಲ್ಲ ಸೇರಿ ನಾಲ್ಕೂವರೆ, ಅಂದರೆ ಸುಮಾರು ನಲವತ್ನಾಲ್ಕು ಸಾವಿರ. ಇದೇ ದಾರಿಗೆ ಪ್ಯಾಕೇಜಿನವರು ಆರು ಜನಕ್ಕೆ ಎಂಬತ್ತೈದು ಕೇಳಿದ್ದರು. ಕಾರ್ಕಳದಲ್ಲೂ ಕಳಸದಲ್ಲೂ ಕೋಣೆಗಳು ಅಷ್ಟು ಅಗ್ಗವಾಗಿ ಹೇಗೆ ಸಿಕ್ಕವೆಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಓಡಾಡಿದ್ದೇನೆ. ಮಾವ ಈಗ ಅದೇ ನೋಟ್‌ಬುಕ್ಕನ್ನು ಕೇಳಿ ಒಯ್ದಿದ್ದಾರೆ, ಆ ಪುಟವೊಂದು ನನ್ನ ಹತ್ತಿರವೇ ಇದೆ.

ಮುಂದಿನದು ಕೇರಳದ ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನ. ವರಯಾಡು ಎಂಬ ಕಾಡುಮೇಕೆ ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅದನ್ನು ಮುಚ್ಚಿರುತ್ತಾರೆ, ನಮ್ಮವರಿಗೆ ಬಿಡುವಾಗುವುದು ಸುಗ್ಗಿ ಮುಗಿದ ಆ ತಿಂಗಳುಗಳಲ್ಲೇ. ಆದ್ದರಿಂದ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಸರೆಯ ರಜೆಯನ್ನು ಬರೆದಿದ್ದೇನೆ, ಅದರ ಕೆಳಗೆ ಗೇಟಿನ ಹೊತ್ತು.